ವಿಂಡೋಸ್ 11ರ ಮಾರನೆಯ ದಿನ: ದನಿ ಕಳೆದುಕೊಂಡ ಒಂದು ಲೆಕ್ಕದ ಮೇಜು

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಅಡಿಕೆ ಬೆಳೆಗಾರರ ಲೆಕ್ಕ ಬರೆಯುವವರಿಗೆ ಕಣ್ಣು ಕಾಣುವುದಿಲ್ಲ. ಸದಸ್ಯರ ಹೆಸರು, ಚೀಲದ ಸಂಖ್ಯೆ, ತೂಕ, ದರ್ಜೆ, ದರ, ಮುಂಗಡ, ಬಾಕಿ ಎಲ್ಲವೂ ಎಕ್ಸೆಲ್ ಹಾಳೆಯಲ್ಲಿವೆ. ಆ ಹಾಳೆಯನ್ನು ಅವರು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನ, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದ, ದನಿ ಕೇಳುತ್ತ ತುಂಬಿಸುತ್ತಾರೆ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಅಡಿಕೆಯ ದರ್ಜೆ ಕಿವಿಗೆ ಬೀಳುವಷ್ಟರಲ್ಲಿ ಬೆರಳು ಮುಂದಿನ ಸೆಲ್‌ಗೆ ಹೋಗಿರುತ್ತದೆ. ಅಡಿಕೆ ಕೊಯ್ಲು ಶುರುವಾಗಿ ಸಂಘದ ಅಂಗಳದಲ್ಲಿ ಪಿಕಪ್‌ಗಳು ಸಾಲುಗಟ್ಟಿದ ವಾರದಲ್ಲೇ ಅವರ ಲ್ಯಾಪ್‌ಟಾಪ್ ವಿಂಡೋಸ್ 10ರಿಂದ 11ಕ್ಕೆ ಏರಿತು. ಸೋಮವಾರ ಬೆಳಿಗ್ಗೆ ಮುಚ್ಚಳ ತೆರೆದರೆ ಒಂದು ಸದ್ದೂ ಇಲ್ಲ.

‘ಹಳೇ ವಿಂಡೋಸ್‌ಗೇ ವಾಪಸ್ ಹಾಕಿಬಿಡೋಣ’ ಎಂಬುದು ಅಲ್ಲಿ ಬಂದ ಮೊದಲ ಸಲಹೆ. ಹಾಗೆ ಮಾಡದೆ ಮೂರು ದಿನದಲ್ಲಿ ಕೆಲಸ ಸರಿದಾರಿಗೆ ಬಂತು. ಕೆಟ್ಟಿದ್ದದ್ದು ಒಂದೇ ವಿಷಯ ಎಂದು ಎಲ್ಲರೂ ತಿಳಿದಿದ್ದರು, ಆದರೆ ಒಂದರ ಹಿಂದೆ ಒಂದು ಅಡಗಿಕೊಂಡಿದ್ದ ನಾಲ್ಕು ಬೇರೆಬೇರೆ ತೊಂದರೆಗಳಿದ್ದವು. ಅವುಗಳನ್ನು ಬಿಡಿಸಿದ ಕ್ರಮವನ್ನೇ ಇಲ್ಲಿ ಬರೆದಿದೆ. ಊರು, ಸಂಘ, ವ್ಯಕ್ತಿಯ ಗುರುತು ಸಿಗುವ ವಿವರಗಳನ್ನು ಬಿಟ್ಟಿದೆ.

ಶನಿವಾರ ಸಂಜೆ ನಡೆದದ್ದು

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಇನ್ನೊಂದು ವರ್ಷ ತಳ್ಳಲು ವಿಸ್ತರಿತ ಅಪ್‌ಡೇಟ್ ಯೋಜನೆ ಇದ್ದರೂ, ಹಣಕಾಸಿನ ಕಡತ ಇರುವ ಯಂತ್ರ ಎಂದು ಆಡಳಿತ ಮಂಡಳಿ 11ಕ್ಕೆ ಏರಿಸಲು ಹೇಳಿತು. ಲ್ಯಾಪ್‌ಟಾಪ್‌ನಲ್ಲಿ ಎಂಟನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದ್ದದ್ದರಿಂದ ಅರ್ಹತೆಗೆ ಅಡ್ಡಿ ಇರಲಿಲ್ಲ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಘಟಕ ಮಾತ್ರ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಆಫ್ ಆಗಿತ್ತು. ಬಯಾಸ್‌ನಲ್ಲಿ ಯಾವ ಸ್ಕ್ರೀನ್ ರೀಡರೂ ಮಾತಾಡುವುದಿಲ್ಲ. ಅಷ್ಟು ಭಾಗಕ್ಕೆ ಕಣ್ಣಿರುವವರು ಬೇಕೇ ಬೇಕು.

ಸಂಘದ ಬಳಿ ಮೊಬೈಲ್ ಡೇಟಾ ಬಿಟ್ಟರೆ ಬೇರೆ ಗತಿ ಇಲ್ಲ, ಅದೂ ಮೋಡ ಕವಿದರೆ ಹೋಗುತ್ತದೆ. ಹಾಗಾಗಿ ರಿಪೇರಿಯವರು ಶಿವಮೊಗ್ಗದಲ್ಲಿ ವಿಂಡೋಸ್ 11 ಪೂರ್ತಿ ಅಡಕವಾಗಿರುವ ಐಎಸ್‌ಒ ಫೈಲ್ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದರು. ಈ ಫೈಲ್ 5 ಜಿಬಿಗೂ ಹೆಚ್ಚು. ಫ್ಯಾಟ್32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿ ದಾಟಿದ ಒಂದೇ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಂಡಿರಬೇಕು. ವಿಂಡೋಸ್ 10 ನಡೆಯುತ್ತಿರುವಾಗಲೇ ಐಎಸ್‌ಒ ತೆರೆದು ಸೆಟಪ್ ಓಡಿಸಿ, ಫೈಲ್‌ಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳುವ ಆಯ್ಕೆ ಒತ್ತಿದರು. ಇದು ಸರಿಯಾದ ದಾರಿ. ಹೀಗೆ ಮಾಡಿದರೆ ಮೊದಲ ರೀಸ್ಟಾರ್ಟ್ ತನಕದ ಪ್ರತಿ ಪುಟವನ್ನೂ ಎನ್‌ವಿಡಿಎ ಓದುತ್ತದೆ, ಅದರ ಸೆಟ್ಟಿಂಗ್‌ಗಳೂ ಹಾಗೇ ಉಳಿಯುತ್ತವೆ.

ಆಮೇಲೆ ರೀಸ್ಟಾರ್ಟ್‌ಗಳ ನಡುವೆ ಶೇಕಡಾವಾರು ಲೆಕ್ಕ ಪರದೆಯ ಮೇಲೆ ಓಡುವಾಗ ಏನೂ ಕೇಳಿಸುವುದಿಲ್ಲ. ಅದು ಸಹಜ. ಒಬ್ಬರೇ ಮಾಡಿಕೊಳ್ಳುವವರು ಇದನ್ನು ನೆನಪಿಡಬೇಕು. ಸದ್ದಿಲ್ಲ ಎಂದು ಪವರ್ ಬಟನ್ ಒತ್ತಿ ಹಿಡಿದರೆ ಅರ್ಧಕ್ಕೆ ನಿಂತ ವಿಂಡೋಸ್ ಉಳಿಯುತ್ತದೆ. ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಬ್ಯಾಟರಿ ತುಂಬಿಸಿಕೊಂಡು, ಚಾರ್ಜರನ್ನು ಯುಪಿಎಸ್‌ಗೆ ಸಿಕ್ಕಿಸಿ, ಒಂದೆರಡು ಗಂಟೆ ಮುಟ್ಟದೆ ಬಿಡಬೇಕು.

ಇಷ್ಟರವರೆಗೆ ತಪ್ಪಿಲ್ಲ. ಆದರೆ ಅದೇ ಸಂಜೆ ಇನ್ನೆರಡು ಕೆಲಸ ನಡೆದವು. ನೋಡಲು ಅನುಕೂಲವಾಗಲೆಂದು ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರೊಂದನ್ನು ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಿ ಹಾಗೇ ಬಿಟ್ಟರು. ಜೊತೆಗೆ ಎನ್‌ವಿಡಿಎ ತನ್ನ ಹೊಸ ಆವೃತ್ತಿ ಬಂದಿದೆ ಎಂದಾಗ ಅದನ್ನೂ ಹಾಕಿಬಿಟ್ಟರು. ಹಾಕುವ ಮೊದಲು, ಹೊಂದಿಕೆಯಾಗದ ಆಡ್‌ಆನ್‌ಗಳನ್ನು (ಎನ್‌ವಿಡಿಎಗೆ ಹೊರಗಿನಿಂದ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳನ್ನು) ನಿಲ್ಲಿಸಲಾಗುವುದು ಎಂದು ಎನ್‌ವಿಡಿಎ ಎಚ್ಚರಿಸಿ, ಅರ್ಥವಾಯಿತು ಎಂದು ಗುರುತು ಹಾಕಿಸಿಕೊಳ್ಳುತ್ತದೆ. ಗುರುತು ಹಾಕಿದವರಿಗೆ ಆ ಆಡ್‌ಆನ್ ಏನು ಮಾಡುತ್ತಿತ್ತು ಎಂಬುದು ಗೊತ್ತಿರಲಿಲ್ಲ. ಲೆಕ್ಕಿಗರು ಆಗ ಅಲ್ಲಿ ಇರಲಿಲ್ಲ. ಈ ಪ್ರಕರಣದ ಬಹುಪಾಲು ತೊಂದರೆ ಈ ಒಂದು ವಾಕ್ಯದಲ್ಲಿದೆ: ಯಂತ್ರವನ್ನು ಕಿವಿಯಿಂದ ಬಳಸುವವರು ಪಕ್ಕದಲ್ಲಿಲ್ಲದಾಗ ಅವರ ಯಂತ್ರಕ್ಕೆ ಕೈ ಹಾಕಬಾರದಿತ್ತು.

ಪೂರ್ತಿ ಮೌನ

ಸೋಮವಾರ ಲೆಕ್ಕಿಗರು ಮೊದಲು ಮಾಡಿದ್ದು ಕಂಟ್ರೋಲ್, ಆಲ್ಟ್, ಎನ್ ಒತ್ತಿದ್ದು. ಇದು ಎನ್‌ವಿಡಿಎ ಶುರು ಮಾಡುವ ಕೀ. ಅದಾಗಲೇ ಓಡುತ್ತಿದ್ದರೆ ಮತ್ತೆ ಶುರುವಾಗುತ್ತದೆ ಅಷ್ಟೆ, ನಷ್ಟವಿಲ್ಲ. ಉತ್ತರ ಬರಲಿಲ್ಲ. ನಂತರ ವಿಂಡೋಸ್, ಕಂಟ್ರೋಲ್, ಎಂಟರ್ ಒತ್ತಿ ವಿಂಡೋಸ್‌ನದೇ ಆದ ನರೇಟರ್ ಎಬ್ಬಿಸಲು ನೋಡಿದರು. ಅದೂ ಮೌನ. ಇದೇ ಕೀ ಮತ್ತೊಮ್ಮೆ ಒತ್ತಿದರೆ ನರೇಟರ್ ಆಫ್ ಆಗುತ್ತದೆ. ಕೇಳಿಸದ ಸ್ಥಿತಿಯಲ್ಲಿ ಎಷ್ಟು ಸಲ ಒತ್ತಿದೆವು ಎಂಬ ಲೆಕ್ಕ ತಪ್ಪಿದರೆ ಅದು ಆನ್ ಆಗಿದೆಯೋ ಆಫ್ ಆಗಿದೆಯೋ ತಿಳಿಯುವುದಿಲ್ಲ. ಇಲ್ಲೂ ಹಾಗೇ ಆಯಿತು, ಅದರ ಫಲ ಮುಂದೆ ಬರುತ್ತದೆ.

ಎರಡೂ ಸ್ಕ್ರೀನ್ ರೀಡರ್‌ಗಳು ಒಟ್ಟಿಗೆ ಕೆಡುವುದು ಅಪರೂಪ. ಎರಡೂ ಮೌನವಾದರೆ ಮೊದಲು ಸಂಶಯ ಪಡಬೇಕಾದ್ದು ಸದ್ದಿನ ದಾರಿಯನ್ನು. ಮಾತಾಡುತ್ತಿಲ್ಲವೋ, ಮಾತಾಡಿದ್ದು ಕೇಳುತ್ತಿಲ್ಲವೋ ಎಂದು ಬೇರ್ಪಡಿಸಲು ಎನ್‌ವಿಡಿಎಯಲ್ಲೇ ಉಪಾಯವಿದೆ. ಅದರ ಮೆನುವಿನ ಟೂಲ್ಸ್ ಅಡಿಯಲ್ಲಿ ಸ್ಪೀಚ್ ವ್ಯೂವರ್ ಎಂಬ ಚಿಕ್ಕ ಕಿಟಕಿ ಸಿಗುತ್ತದೆ. ಎನ್‌ವಿಡಿಎ ಏನೇನು ನುಡಿಯುತ್ತದೋ ಅಷ್ಟನ್ನೂ ಅದು ಅಕ್ಷರದಲ್ಲಿ ತೋರಿಸುತ್ತದೆ. ಸಂಘದ ಹುಡುಗನಿಂದ ಅದನ್ನು ತೆರೆಸಿ ಲೆಕ್ಕಿಗರು ಬಾಣದ ಕೀ ಒತ್ತಿದರು. ಸಾಲುಗಳು ಒಂದರ ಕೆಳಗೊಂದು ಬಂದವು. ಅಂದರೆ ಎನ್‌ವಿಡಿಎ ಚೆನ್ನಾಗಿದೆ, ಅದರ ದನಿ ಬೇರೆಲ್ಲೋ ಹೋಗುತ್ತಿದೆ.

ದನಿ ಹೋಗುತ್ತಿದ್ದದ್ದು ಮಾನಿಟರ್‌ಗೆ. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಸದ್ದನ್ನೂ ಸಾಗಿಸುತ್ತದೆ. ವಿಂಡೋಸ್ ಏರಿದಾಗ ಸೌಂಡ್ ಡ್ರೈವರ್ (ಸದ್ದಿನ ಸಾಧನಗಳನ್ನು ನಡೆಸುವ ತಂತ್ರಾಂಶ) ಹೊಸದಾಗಿ ಕೂತು, ಹೊಸದಾಗಿ ಕಂಡ ಮಾನಿಟರೇ ಡಿಫಾಲ್ಟ್ ಔಟ್‌ಪುಟ್ ಆಗಿತ್ತು. ಆ ಮಾನಿಟರ್‌ಗೆ ಸ್ಪೀಕರೇ ಇಲ್ಲ. ಕೇಬಲ್ ಕಿತ್ತ ಕ್ಷಣ ಸದ್ದು ಲ್ಯಾಪ್‌ಟಾಪ್‌ನ ಸ್ಪೀಕರ್‌ಗೆ ಮರಳಿತು. ಇಷ್ಟು ಸಣ್ಣ ಕಾರಣಕ್ಕೆ ವಿಂಡೋಸನ್ನೇ ಹಿಂದಕ್ಕೆ ತಳ್ಳುವುದರಲ್ಲಿದ್ದರು.

ಪಕ್ಕದಲ್ಲಿ ಕಣ್ಣಿರುವವರು ಇಲ್ಲದಿದ್ದರೆ ಎರಡು ಕೆಲಸ ಮಾಡಬಹುದು. ಮೊದಲಿಗೆ ಯಂತ್ರಕ್ಕೆ ಅಂಟಿಕೊಂಡ ಮಾನಿಟರ್, ಡಾಕ್, ಬ್ಲೂಟೂತ್ ಎಲ್ಲ ಬಿಡಿಸಿ. ಆಗಲೂ ಸದ್ದಿಲ್ಲದಿದ್ದರೆ ಯುಎಸ್‌ಬಿ ಹೆಡ್‌ಸೆಟ್ ಸಿಕ್ಕಿಸಿ. ಯುಎಸ್‌ಬಿ ಹೆಡ್‌ಸೆಟ್‌ನೊಳಗೆ ಅದರದೇ ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ, ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಲ್ಯಾಪ್‌ಟಾಪ್‌ನ ಸೌಂಡ್ ಡ್ರೈವರ್ ಪೂರ್ತಿ ಕೆಟ್ಟಿದ್ದರೂ ಅದು ಮಾತಾಡುತ್ತದೆ. ದುಂಡು ಪಿನ್ನಿನ ಸಾದಾ ಇಯರ್‌ಫೋನ್‌ಗೆ ಈ ಗುಣವಿಲ್ಲ, ಅದು ಕೆಟ್ಟ ಡ್ರೈವರನ್ನೇ ನೆಚ್ಚಿಕೊಂಡಿರುತ್ತದೆ.

ದನಿ ಬಂದ ಮೇಲೆ ಮಾನಿಟರ್ ಮತ್ತೆ ಜೋಡಿಸಿದರೂ ಸದ್ದು ಅತ್ತ ಹೋಗದಂತೆ ಮಾಡಬೇಕಿತ್ತು. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ವಿಂಡೋಸ್, ಕಂಟ್ರೋಲ್, ವಿ ಒತ್ತಿದರೆ ಸದ್ದಿನ ಔಟ್‌ಪುಟ್ ಪಟ್ಟಿ ತೆರೆಯುತ್ತದೆ, ಅಲ್ಲಿ ತಾತ್ಕಾಲಿಕವಾಗಿ ಆರಿಸಿಕೊಳ್ಳಬಹುದು. ಕಾಯಂ ಪರಿಹಾರಕ್ಕೆ ವಿಂಡೋಸ್ ಮತ್ತು ಆರ್ ಒತ್ತಿ, ರನ್ ಡಬ್ಬಿಯಲ್ಲಿ ಎಂ ಎಂ ಎಸ್ ವೈ ಎಸ್, ಡಾಟ್, ಸಿ ಪಿ ಎಲ್ ಎಂದು ಬೆರಳಚ್ಚಿಸಬೇಕು. ಹಳೆಯ ಸೌಂಡ್ ಕಿಟಕಿ ಬರುತ್ತದೆ, ಪ್ಲೇಬ್ಯಾಕ್ ಪಟ್ಟಿಯಲ್ಲಿ ಬಾಣದಿಂದ ಮಾನಿಟರ್ ಹೆಸರಿಗೆ ಹೋಗಿ, ಮೆನು ಕೀ ಒತ್ತಿ, ಡಿಸೇಬಲ್ ಆರಿಸಿ. ಹೊಸ ಸೆಟ್ಟಿಂಗ್ಸ್‌ಗಿಂತ ಈ ಹಳೆಯ ಕಿಟಕಿಯಲ್ಲಿ ಕೀಬೋರ್ಡ್ ಓಡಾಟ ನೇರವಾಗಿದೆ.

ಸದ್ದು ಬಂದಾಗ ಒಂದರ ಬದಲು ಎರಡು ದನಿ ಕೇಳಿಸಿದವು. ನರೇಟರ್ ಆನ್ ಆಗಿಯೇ ಉಳಿದಿತ್ತು. ಇಬ್ಬರು ಭಾಗವತರು ಒಂದೇ ರಂಗಸ್ಥಳದಲ್ಲಿ ಬೇರೆಬೇರೆ ಪದ ಎತ್ತಿದಂತೆ ಏನೂ ಅರ್ಥವಾಗದ ಸ್ಥಿತಿ. ಗೊಂದಲ ಬರೀ ಕಿವಿಗಷ್ಟೇ ಅಲ್ಲ. ನರೇಟರ್, ಎನ್‌ವಿಡಿಎ ಎರಡೂ ಇನ್ಸರ್ಟ್ ಮತ್ತು ಕ್ಯಾಪ್ಸ್ ಲಾಕ್ ಕೀಗಳನ್ನೇ ತಮ್ಮ ಆಜ್ಞೆಗೆ ಬಳಸಬಲ್ಲವಾದ್ದರಿಂದ, ಒತ್ತಿದ ಕೀ ಯಾರ ಪಾಲಾಗುತ್ತದೆ ಎಂಬುದೇ ತಿಳಿಯದು. ವಿಂಡೋಸ್, ಕಂಟ್ರೋಲ್, ಎಂಟರ್ ಒಮ್ಮೆ ಒತ್ತಿ ನರೇಟರ್ ನಿಲ್ಲಿಸಲಾಯಿತು. ವಿಂಡೋಸ್ ಮತ್ತು ಯು ಒತ್ತಿ ಅಕ್ಸೆಸಿಬಿಲಿಟಿ ಪುಟಕ್ಕೆ ಹೋಗಿ, ಸೈನ್ ಇನ್ ಆದ ಮೇಲೆ ನರೇಟರ್ ತಾನಾಗಿ ಶುರುವಾಗುವ ಆಯ್ಕೆ ಆಫ್ ಇದೆಯೇ ಎಂದೂ ನೋಡಲಾಯಿತು. ನರೇಟರ್‌ನ ಶಾರ್ಟ್‌ಕಟ್ ಕೀಯನ್ನು ಮಾತ್ರ ಆಫ್ ಮಾಡಬಾರದು. ಎನ್‌ವಿಡಿಎ ಕೈಕೊಟ್ಟ ದಿನ ಅದೊಂದೇ ಊರುಗೋಲು.

ಹೆಸರುಗಳೆಲ್ಲ ಖಾಲಿ

ನಿಜವಾಗಿ ಎದೆ ನಡುಗಿಸಿದ್ದು ಇದು. ಮಧ್ಯಾಹ್ನ ಲೆಕ್ಕದ ಹಾಳೆ ತೆರೆದಾಗ ಇಂಗ್ಲಿಷ್ ದನಿಯೊಂದು ತೂಕ, ಮೊತ್ತದ ಅಂಕಿಗಳನ್ನು ಓದುತ್ತಿತ್ತು. ಸದಸ್ಯರ ಹೆಸರಿರುವ ಬಿ ಕಾಲಂಗೆ ಹೋದರೆ ಬರೀ ‘ಬಿ 2’, ‘ಬಿ 3’, ‘ಬಿ 4’. ದರ್ಜೆಯ ಕಾಲಮ್ಮಿನಲ್ಲೂ ಅಷ್ಟೆ. ಎಕ್ಸೆಲ್‌ನಲ್ಲಿ ಖಾಲಿ ಸೆಲ್ ಬಂದಾಗ ಎನ್‌ವಿಡಿಎ ಹೇಳುವುದು ಸೆಲ್‌ನ ವಿಳಾಸ ಮಾತ್ರ. ಹಾಗಾಗಿ ಅಪ್‌ಡೇಟ್ ಆಗುವಾಗ ಇನ್ನೂರಕ್ಕೂ ಹೆಚ್ಚು ಸದಸ್ಯರ ಹೆಸರು ಅಳಿಸಿಹೋಗಿದೆ ಎಂದೇ ಲೆಕ್ಕಿಗರು ತಿಳಿದರು. ಫೈಲನ್ನು ಸೇವ್ ಮಾಡದೆ ಮುಚ್ಚಿದ್ದು ಅವರ ಜಾಣತನ.

ಸೆಲ್ ನಿಜಕ್ಕೂ ಖಾಲಿಯೋ, ದನಿಗೆ ಓದಲು ಬರುತ್ತಿಲ್ಲವೋ ಎಂದು ಕಿವಿಯೊಂದರಿಂದಲೇ ತಿಳಿಯುವ ಪರೀಕ್ಷೆ ಸುಲಭ. ಕಾಲಮ್ಮಿನ ಮೊದಲ ಸೆಲ್‌ನಲ್ಲಿ ನಿಂತು ಕಂಟ್ರೋಲ್ ಜೊತೆ ಕೆಳಬಾಣ ಒತ್ತಿ. ಕಾಲಂ ಪೂರ್ತಿ ಖಾಲಿಯಿದ್ದರೆ ಎಕ್ಸೆಲ್ ಹಾಳೆಯ ತಳಕ್ಕೆ, ಅಂದರೆ 10,48,576ನೇ ಸಾಲಿಗೆ ಜಿಗಿಯುತ್ತದೆ. ತುಂಬಿದ್ದರೆ ತುಂಬಿದ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ಇಲ್ಲಿ ಕೇಳಿಸಿದ್ದು ‘ಬಿ 213’. ಹೆಸರುಗಳು ಇದ್ದಲ್ಲೇ ಇದ್ದವು.

ಹಾಗಾದರೆ ದನಿ ಯಾಕೆ ಓದಲಿಲ್ಲ? ಎನ್‌ವಿಡಿಎ ಸ್ವತಃ ಮಾತಾಡುವುದಿಲ್ಲ. ಪರದೆಯಲ್ಲಿರುವುದನ್ನು ಪಠ್ಯವಾಗಿ ಎತ್ತಿ ಸಿಂಥಸೈಜರ್ ಎಂಬ ಇನ್ನೊಂದು ತಂತ್ರಾಂಶದ ಕೈಗೆ ಕೊಡುತ್ತದೆ, ನುಡಿಯುವುದು ಅದು. ಲೆಕ್ಕಿಗರು ಬಳಸುತ್ತಿದ್ದ ಕನ್ನಡದ ದನಿ ಒಂದು ಆಡ್‌ಆನ್‌ನಿಂದ ಬರುತ್ತಿತ್ತು. ಎನ್‌ವಿಡಿಎಯ ಪ್ರತಿ ವರ್ಷದ ಮೊದಲ ಆವೃತ್ತಿ, ಅಂದರೆ ಹೆಸರಿನಲ್ಲಿ ವರ್ಷದ ಮುಂದೆ ಪಾಯಿಂಟ್ ಒಂದು ಇರುವಂಥದ್ದು, ಆಡ್‌ಆನ್‌ಗಳ ಒಳಜೋಡಣೆಯನ್ನು ಬದಲಿಸಬಹುದು. ಆಡ್‌ಆನ್ ಬರೆದವರು ಅದಕ್ಕೆ ಹೊಂದಿಸಿ ಮತ್ತೆ ಬಿಡುಗಡೆ ಮಾಡುವ ತನಕ ಹಳೆಯದು ನಿಂತಿರುತ್ತದೆ. ಶನಿವಾರ ಗುರುತು ಹಾಕಿ ನಿಲ್ಲಿಸಿದ್ದು ಈ ದನಿಯನ್ನೇ. ಆರಿಸಿದ ಸಿಂಥಸೈಜರ್ ಸಿಗದಿದ್ದರೆ ಎನ್‌ವಿಡಿಎ ಸುಮ್ಮನಾಗುವುದಿಲ್ಲ, ಮೊದಲು ವಿಂಡೋಸ್‌ನ ಒನ್‌ಕೋರ್ ದನಿಯನ್ನು ಹಿಡಿಯುತ್ತದೆ, ಅದೂ ಇಲ್ಲದಿದ್ದರೆ ತನ್ನ ಜೊತೆಗೇ ಬರುವ ಇಸ್ಪೀಕ್ ಎನ್‌ಜಿಗೆ ಹೋಗುತ್ತದೆ. ಒನ್‌ಕೋರ್‌ನಲ್ಲಿ ಇದ್ದದ್ದು ಇಂಗ್ಲಿಷ್ ದನಿ. ಕನ್ನಡ ಲಿಪಿ ಎದುರಾದರೆ ಅದು ತಡವರಿಸುವುದೂ ಇಲ್ಲ, ಸದ್ದಿಲ್ಲದೆ ದಾಟಿಹೋಗುತ್ತದೆ. ತಪ್ಪು ಓದಿದ್ದರೆ ಗೊತ್ತಾದರೂ ಆಗುತ್ತಿತ್ತು. ಮೌನವಾಗಿ ಬಿಟ್ಟುಬಿಡುವುದು ಲೆಕ್ಕದ ಕೆಲಸದಲ್ಲಿ ಅದಕ್ಕಿಂತ ಅಪಾಯ.

ಪರಿಹಾರಕ್ಕೆ ಇಂಟರ್‌ನೆಟ್ ಬೇಕಾಗಲಿಲ್ಲ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಎಸ್ ಒತ್ತಿ ಸಿಂಥಸೈಜರ್ ಪಟ್ಟಿ ತೆರೆದು ಇಸ್ಪೀಕ್ ಎನ್‌ಜಿ ಆರಿಸಿ ಎಂಟರ್. ಆಮೇಲೆ ಎನ್‌ವಿಡಿಎ ಕೀ, ಕಂಟ್ರೋಲ್, ವಿ ಒತ್ತಿ ಸ್ಪೀಚ್ ಸೆಟ್ಟಿಂಗ್ಸ್‌ನಲ್ಲಿ ದನಿಯ ಪಟ್ಟಿಗೆ ಟ್ಯಾಬ್ ಮಾಡಿ ಕನ್ನಡ. ಇಸ್ಪೀಕ್‌ನ ಕನ್ನಡ ಇಂಪಾಗಿಲ್ಲ, ಲೋಹದ ತಗಡು ಬಡಿದಂತಿದೆ, ಮೊದಲ ದಿನ ತಲೆನೋವು ಬಂದೇ ಬರುತ್ತದೆ. ಆದರೆ ವೇಗ ಎಷ್ಟು ಏರಿಸಿದರೂ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ, ನಡುವೆ ಬರುವ ಇಂಗ್ಲಿಷ್ ಪದವನ್ನೂ ಓದುತ್ತದೆ, ಎನ್‌ವಿಡಿಎ ಎಲ್ಲಿದೆಯೋ ಅಲ್ಲಿ ಅದೂ ಇರುತ್ತದೆ. ದಿನವೂ ಇಂಪಾದ ದನಿ ಬಳಸುವವರು ಕೂಡ ವಾರಕ್ಕೊಮ್ಮೆ ಇದರಲ್ಲಿ ಓದಿ ಕಿವಿ ಪಳಗಿಸಿಕೊಂಡಿರಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಬೇರೆ ಕೆಲಸಗಳಿಗೆ ಲೆಕ್ಕಿಗರಿಗೆ ಭಾರತೀಯ ಇಂಗ್ಲಿಷ್ ದನಿಯೇ ಹಿತವಾಗಿತ್ತು. ಅದಕ್ಕೆ ಕಾನ್ಫಿಗರೇಶನ್ ಪ್ರೊಫೈಲ್ ಇದೆ. ಎಕ್ಸೆಲ್ ತೆರೆದಿರುವಾಗ ಎನ್‌ವಿಡಿಎ ಕೀ, ಕಂಟ್ರೋಲ್, ಪಿ ಒತ್ತಿ ಹೊಸ ಪ್ರೊಫೈಲ್ ಮಾಡಿ, ಈ ಆ್ಯಪ್‌ಗೆ ಮಾತ್ರ ಎಂದು ಆರಿಸಿ, ಅದರಲ್ಲಿ ಇಸ್ಪೀಕ್ ಕನ್ನಡ ಇಟ್ಟರೆ ಎಕ್ಸೆಲ್‌ಗೆ ಬಂದ ಕೂಡಲೇ ಕನ್ನಡ, ಹೊರಗೆ ಹೋದರೆ ಇಂಗ್ಲಿಷ್. ಕೊನೆಗೆ ಎನ್‌ವಿಡಿಎ ಕೀ, ಕಂಟ್ರೋಲ್, ಸಿ ಒತ್ತಿ ಉಳಿಸಬೇಕು.

ನಿಂತುಹೋದ ಆಡ್‌ಆನನ್ನು ಆಡ್‌ಆನ್ ಸ್ಟೋರ್‌ನಲ್ಲಿ ಬಲವಂತವಾಗಿ ಚಾಲೂ ಮಾಡುವ ದಾರಿಯೂ ಇದೆ. ಬೇರೆ ಆಡ್‌ಆನ್ ಆಗಿದ್ದರೆ ಪ್ರಯತ್ನಿಸಬಹುದಿತ್ತು. ದನಿಯ ಆಡ್‌ಆನ್ ಎಡವಿದರೆ ಮತ್ತೆ ಮೌನ, ಮತ್ತೆ ಸ್ಪೀಚ್ ವ್ಯೂವರ್. ಕೊಯ್ಲಿನ ವಾರದಲ್ಲಿ ಅದು ಬೇಡ ಎಂದು ಬಿಡಲಾಯಿತು.

ಅದೇ ಯಂತ್ರದಲ್ಲಿ ಹಳೆಯ ಎರಡು ಹಾಳೆಗಳು ಹೊಸ ದನಿಯಲ್ಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕೇಳಿದವು. ಅದಕ್ಕೆ ಅಪ್‌ಡೇಟ್ ಕಾರಣವಲ್ಲ. ಅವು ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿಲ್ಲ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದವು. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಸಂಕೇತಗಳೇ. ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ಸ್ಕ್ರೀನ್ ರೀಡರೂ ಅವನ್ನು ಓದದು.

ನುಂಗಿಹೋದ ಒಂದು ಲಕ್ಷ

ಮಂಗಳವಾರ ಎಲ್ಲ ಸರಿಯಾಯಿತೆಂದು ಕೆಲಸ ಶುರುವಾಯಿತು. ಸಂಜೆ ನಗದು ಲೆಕ್ಕ ತಾಳೆಯಾಗಲಿಲ್ಲ. ಸರಿಯಾಗಿ ಒಂದು ಲಕ್ಷ ರೂಪಾಯಿ ವ್ಯತ್ಯಾಸ. ಹುಡುಕಿದರೆ 1,26,400 ರೂಪಾಯಿಯ ಒಂದು ಮೊತ್ತ ಚೀಟಿಯಲ್ಲಿ 26,400 ಎಂದು ಬರೆದಿತ್ತು. ಹಾಳೆಯಲ್ಲಿ ಅಂಕಿ ಸರಿಯಾಗಿಯೇ ಇತ್ತು. ಲೆಕ್ಕಿಗರು ಕೇಳಿಸಿಕೊಂಡು ಹೇಳಿದ್ದು ‘ಇಪ್ಪತ್ತಾರು ಸಾವಿರದ ನಾನೂರು’.

ತುಸು ಗಮನವಿಟ್ಟು ಕೇಳಿದಾಗ ಇನ್ನೂ ಹಲವು ಕಡೆ ಹೀಗೇ. ‘ರಾಶಿ ಇಡಿ’ ಎಂಬುದು ‘ಶಿ ಇಡಿ’, ‘ಗೊರಬಲು’ ಎಂಬುದು ‘ಬಲು’. ಆದರೆ ಪ್ರತಿ ಸಲವೂ ಅಲ್ಲ. ಸಾಲಾಗಿ ಬಾಣದ ಕೀ ಒತ್ತುತ್ತ ಹೋದರೆ ಎಲ್ಲ ಸ್ಪಷ್ಟ. ಬೆಳೆಗಾರರೊಬ್ಬರು ಬಂದು ಮಾತಾಡಿ ಹೋದ ಮೇಲೆ, ಫೋನು ಇಟ್ಟ ಮೇಲೆ, ಮೊದಲ ಸೆಲ್‌ನ ಮೊದಲ ಉಚ್ಚಾರ ಮಾತ್ರ ಮಾಯ. ರಿಪೇರಿಯವರು ಫೋನಿನಲ್ಲಿ ‘ಒತ್ತಿ ತೋರಿಸಿ’ ಎಂದಾಗೆಲ್ಲ ಸರಿಯಾಗಿ ಓದುತ್ತಿತ್ತು.

ಕಾರಣ ಹೀಗಿದೆ. ಏರಿಕೆಯಲ್ಲಿ ಲ್ಯಾಪ್‌ಟಾಪ್ ತಯಾರಕರ ಸೌಂಡ್ ಡ್ರೈವರ್ ಹೋಗಿ ಅದರ ಜಾಗದಲ್ಲಿ ವಿಂಡೋಸ್‌ನ ಸಾಮಾನ್ಯ ಡ್ರೈವರ್ ಕೂತಿತ್ತು. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ವಿದ್ಯುತ್ ಉಳಿಸಲು ಸೌಂಡ್ ಚಿಪ್ ನಿದ್ದೆಗೆ ಜಾರುತ್ತದೆ. ಏಳಲು ಅದಕ್ಕೆ ಸೆಕೆಂಡಿನ ಒಂದು ಪಾಲು ಬೇಕು. ಹಾಡು ಕೇಳುವವರಿಗೆ ಇದು ಗೊತ್ತೇ ಆಗದು. ವೇಗವಾಗಿ ನುಡಿಯುವ ಸ್ಕ್ರೀನ್ ರೀಡರ್‌ನಲ್ಲಿ ಆ ಪಾಲಿನೊಳಗೆ ‘ಒಂದು ಲಕ್ಷ’ ಮುಗಿದುಹೋಗಿರುತ್ತದೆ. ಮೇಲಾಗಿ ಎಕ್ಸೆಲ್‌ನಲ್ಲಿ ಎನ್‌ವಿಡಿಎ ಮೊದಲು ಸೆಲ್‌ನ ಒಳಗಿರುವುದನ್ನು, ಆಮೇಲೆ ವಿಳಾಸವನ್ನು ಹೇಳುತ್ತದೆ. ಕತ್ತರಿ ಬೀಳುವುದು ಬೇಕಾದ ಭಾಗಕ್ಕೇ.

ಎನ್‌ವಿಡಿಎ ಇದನ್ನು ತಡೆಯಲು ಮಾತು ಮುಗಿದ ಮೇಲೂ ಸೌಂಡ್ ಸಾಧನವನ್ನು ಕೆಲ ಹೊತ್ತು ಎಚ್ಚರವಾಗಿಡುತ್ತದೆ. ಎನ್‌ವಿಡಿಎ ಕೀ, ಕಂಟ್ರೋಲ್, ಯು ಒತ್ತಿ ಆಡಿಯೋ ಸೆಟ್ಟಿಂಗ್ಸ್ ತೆರೆದರೆ ಆ ಅವಧಿ ಸೆಕೆಂಡುಗಳಲ್ಲಿ ಸಿಗುತ್ತದೆ. ಮೂಲದಲ್ಲಿ 30 ಇರುತ್ತದೆ. ಸತತ ಕೆಲಸಕ್ಕೆ ಅಷ್ಟು ಸಾಕು. ಬೆಳೆಗಾರರ ಜೊತೆ ಮಾತಾಡುತ್ತ ಬರೆಯುವ ಮೇಜಿನಲ್ಲಿ ಎರಡು ನಿಮಿಷದ ವಿರಾಮ ಮಾಮೂಲು, ಹಾಗಾಗಿ ಅದನ್ನು ಹೆಚ್ಚಿಸಲಾಯಿತು. ಬ್ಯಾಟರಿ ತುಸು ಹೆಚ್ಚು ಹೋಗುತ್ತದೆ, ಹೋಗಲಿ. ನಂತರ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಆಪ್ಷನಲ್ ಅಪ್‌ಡೇಟ್ಸ್ ತೆರೆದಾಗ ತಯಾರಕರ ಡ್ರೈವರ್ ಅಲ್ಲೇ ಕಾದಿತ್ತು. ಅದನ್ನು ಹಾಕಿದ ಮೇಲೆ ತೊಂದರೆ ಪೂರ್ತಿ ಹೋಯಿತು.

ಆದರೂ ಒಂದು ಅಭ್ಯಾಸವನ್ನು ಲೆಕ್ಕಿಗರು ಬಿಟ್ಟಿಲ್ಲ. ವಿರಾಮದ ನಂತರ ಹಾಳೆಗೆ ಮರಳಿದಾಗ ಎನ್‌ವಿಡಿಎ ಕೀ ಜೊತೆ ಟ್ಯಾಬ್ ಒತ್ತುತ್ತಾರೆ. ಈಗ ಫೋಕಸ್ ಇರುವುದನ್ನು ಅದು ಮತ್ತೊಮ್ಮೆ ಓದುತ್ತದೆ, ಬೇಗ ಎರಡು ಸಲ ಒತ್ತಿದರೆ ಅಕ್ಷರ ಅಕ್ಷರವಾಗಿ ಬಿಡಿಸುತ್ತದೆ. ಚಿಪ್ ಅಷ್ಟರಲ್ಲಿ ಎದ್ದಿರುವುದರಿಂದ ಎರಡನೇ ಓದು ಪೂರ್ತಿ ಕೇಳುತ್ತದೆ. ಲಕ್ಷದ ಮೊತ್ತವಾದರೆ ಎರಡನೇ ಸಲ ಕೇಳದೆ ಬಾಯಿ ಬಿಡುವುದಿಲ್ಲ.

ಜಾಗ ಬದಲಿಸಿದ ವಸ್ತುಗಳು

ವಿಂಡೋಸ್ 11ರಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಬಹಳ, ಕೀಬೋರ್ಡ್‌ನವರಿಗೆ ಕಾಡುವುದು ಕೆಲವೇ. ಸ್ಟಾರ್ಟ್ ಬಟನ್ ನಡುವಿಗೆ ಬಂದದ್ದು ವಿಂಡೋಸ್ ಕೀ ಒತ್ತುವವರಿಗೆ ಲೆಕ್ಕಕ್ಕಿಲ್ಲ. ವಿಂಡೋಸ್ ಮತ್ತು ಎ ಒತ್ತಿದರೆ ಮೊದಲು ಆ್ಯಕ್ಷನ್ ಸೆಂಟರ್ ಬರುತ್ತಿತ್ತು, ಈಗ ವೈಫೈ, ಬ್ಲೂಟೂತ್, ವಾಲ್ಯೂಮ್ ಇರುವ ಕ್ವಿಕ್ ಸೆಟ್ಟಿಂಗ್ಸ್ ಬರುತ್ತದೆ. ನೋಟಿಫಿಕೇಶನ್‌ಗಳು ವಿಂಡೋಸ್ ಮತ್ತು ಎನ್‌ಗೆ ಹೋಗಿವೆ.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮೇಲಿರುತ್ತಿದ್ದ ಆಜ್ಞೆಗಳ ಪಟ್ಟಿ, ರಿಬ್ಬನ್, ಇಲ್ಲ. ಆಲ್ಟ್, ಎಚ್ ಎಂದು ಶುರುವಾಗುತ್ತಿದ್ದ ಸರಣಿಗಳನ್ನು ಬೆರಳಿಗೆ ಕಲಿಸಿದವರಿಗೆ ಇದು ಕಷ್ಟ. ಲೆಕ್ಕಿಗರು ಫೈಲಿನ ದಾರಿ ನಕಲಿಸಲು ಆಲ್ಟ್, ಎಚ್, ಸಿ, ಪಿ ಒತ್ತುತ್ತಿದ್ದರು. ಈಗ ಕಂಟ್ರೋಲ್, ಶಿಫ್ಟ್, ಸಿ ಸಾಕು. ಮೆನು ಕೀ ಒತ್ತಿದಾಗ ಬರುವ ಹೊಸ ಮೆನುವಿನಲ್ಲಿ ಕಟ್, ಕಾಪಿ, ರೀನೇಮ್, ಡಿಲೀಟ್‌ಗಳು ಅಡ್ಡ ಸಾಲಿನ ಚಿತ್ರಗಳಾಗಿವೆ, ಕೆಳಬಾಣ ಒತ್ತುತ್ತ ಹೋದರೆ ಅವು ಸಿಗುವುದೇ ಇಲ್ಲ ಎನಿಸುತ್ತದೆ. ಶಿಫ್ಟ್ ಜೊತೆ ಎಫ್10 ಒತ್ತಿದರೆ ಹಳೆಯ ಪೂರ್ತಿ ಮೆನು ಬರುತ್ತದೆ. ಎಫ್2, ಕಂಟ್ರೋಲ್ ಸಿ, ಆಲ್ಟ್ ಎಂಟರ್ ಮೊದಲಿನಂತೆಯೇ ಇವೆ.

ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಕನ್ನಡ ಕೀಬೋರ್ಡ್‌ಗೆ ಬದಲಾಯಿಸುವಾಗ ಎರಡಿದ್ದ ವಿನ್ಯಾಸ ಮೂರಾಗಿತ್ತು, ಅಮೆರಿಕದ ಇಂಗ್ಲಿಷ್ ಒಂದು ಹೊಸದಾಗಿ ಸೇರಿಕೊಂಡಿತ್ತು. ಒಂದು ಸಲ ಒತ್ತಿ ಬೆರಳಚ್ಚಿಸುವ ರೂಢಿಯವರು ಕನ್ನಡದ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಬರೆದುಬಿಡುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್ ಒಳಗೆ ಬೇಡದ್ದನ್ನು ತೆಗೆಯಲಾಯಿತು.

ಸೈನ್ ಇನ್ ಪರದೆಯಲ್ಲೂ ಕನ್ನಡ ದನಿ ಬೇಕಿದ್ದರೆ ಬೇರೆ ಹೆಜ್ಜೆ ಬೇಕು. ಆ ಪರದೆ, ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುವ ಪರದೆ ಎರಡೂ ಸುರಕ್ಷಿತ ವಲಯಗಳು. ಅಲ್ಲಿ ಎನ್‌ವಿಡಿಎ ಬೇರೆಯದೇ ಸೆಟ್ಟಿಂಗ್ ಪ್ರತಿ ಬಳಸುತ್ತದೆ. ಜನರಲ್ ಸೆಟ್ಟಿಂಗ್ಸ್‌ನಲ್ಲಿ, ಉಳಿಸಿದ ಸೆಟ್ಟಿಂಗ್‌ಗಳನ್ನು ಆ ಪರದೆಗಳಿಗೂ ಬಳಸುವ ಬಟನ್ ಇದೆ. ಅದನ್ನು ಒತ್ತದೆ ಎಷ್ಟು ಸಲ ಉಳಿಸಿದರೂ ಪಿನ್ ಕೇಳುವಾಗ ಹಳೆಯ ದನಿಯೇ.

ಹಿಂದಕ್ಕೆ ಹೋಗದಿದ್ದದ್ದು ಯಾಕೆ

ಏರಿದ 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ವಿಂಡೋಸ್ 10ಕ್ಕೆ ಮರಳಬಹುದು. ಡಿಸ್ಮ್ ಕಮಾಂಡ್‌ನಿಂದ ಈ ಗಡುವನ್ನು 60 ದಿನದವರೆಗೆ ಹಿಗ್ಗಿಸಲೂ ಬರುತ್ತದೆ, ಆದರೆ 10 ದಿನ ಮುಗಿಯುವ ಮುಂಚೆ. ಇಲ್ಲಿ ಗಡುವು ಹಿಗ್ಗಿಸಿ ಇಟ್ಟರು, ಬಳಸಲಿಲ್ಲ. ನಾಲ್ಕರಲ್ಲಿ ಕನ್ನಡದ ದನಿ ಹೋದದ್ದು ಎನ್‌ವಿಡಿಎಯ ಆವೃತ್ತಿಯಿಂದ. ವಿಂಡೋಸ್ ಹಿಂದಕ್ಕೆ ಹೋಗಿದ್ದರೂ ಮಾನಿಟರ್ ಕೇಬಲ್ ಅಲ್ಲೇ ಇರುತ್ತಿತ್ತು. ಎರಡು ಅಪ್‌ಡೇಟ್‌ಗಳನ್ನು ಒಂದೇ ದಿನ ಮಾಡಿದರೆ ಯಾವುದು ಏನು ಕೆಡಿಸಿತು ಎಂದು ಬಿಡಿಸಲು ಮೂರು ದಿನ ಬೇಕಾಗುತ್ತದೆ. ವಾರದ ಅಂತರ ಇಟ್ಟಿದ್ದರೆ ಒಂದೊಂದಕ್ಕೂ ಅರ್ಧ ಗಂಟೆ ಸಾಕಿತ್ತು.

ಈಗ ಆ ಮೇಜಿನ ಖಾನೆಯಲ್ಲಿ ಒಂದು ಯುಎಸ್‌ಬಿ ಹೆಡ್‌ಸೆಟ್ ಇದೆ. ಒಂದು ಪೆನ್‌ಡ್ರೈವ್‌ನಲ್ಲಿ ಎನ್‌ವಿಡಿಎಯ ಪೋರ್ಟಬಲ್ ಪ್ರತಿ ಇದೆ. ಟೂಲ್ಸ್ ಮೆನುವಿನಿಂದಲೇ ಇದನ್ನು ಮಾಡಿಕೊಳ್ಳಬಹುದು. ಹೊಸ ಆವೃತ್ತಿ ಬಂದಾಗ ಮೊದಲು ಈ ಪ್ರತಿಯನ್ನು ಏರಿಸಿ, ಆಡ್‌ಆನ್‌ಗಳು ಉಳಿಯುತ್ತವೆಯೇ ನೋಡಿ, ಆಮೇಲೆ ಯಂತ್ರದ ಪ್ರತಿಗೆ ಕೈ ಹಾಕುತ್ತಾರೆ. ಪೋರ್ಟಬಲ್ ಪ್ರತಿ ಸೈನ್ ಇನ್ ಪರದೆಯಲ್ಲಿ ಮಾತಾಡದು, ಅದಕ್ಕೆ ನರೇಟರ್.

ಎನ್‌ವಿಡಿಎ 2025.1ರಿಂದ ರಿಮೋಟ್ ಅಕ್ಸೆಸ್ ಒಳಗೇ ಬಂದಿದೆ. ಎರಡು ಕಡೆ ಎನ್‌ವಿಡಿಎ ಇದ್ದು ಒಂದೇ ಸಂಕೇತಪದ ಹಾಕಿದರೆ ಒಬ್ಬರ ಕೀಬೋರ್ಡ್ ಇನ್ನೊಬ್ಬರ ಯಂತ್ರ ನಡೆಸುತ್ತದೆ. ಇಲ್ಲಿಗೆ ಮುಖ್ಯವಾದ ಅಂಶ ಇನ್ನೊಂದು. ಅದು ಕಳಿಸುವುದು ಸದ್ದನ್ನಲ್ಲ, ನುಡಿಯಬೇಕಾದ ಪಠ್ಯವನ್ನು. ತೀರ್ಥಹಳ್ಳಿಯ ಲ್ಯಾಪ್‌ಟಾಪ್‌ನ ಸ್ಪೀಕರ್ ಸತ್ತಿದ್ದರೂ ಶಿವಮೊಗ್ಗದಲ್ಲಿ ಕೂತವರ ಕಂಪ್ಯೂಟರ್ ಅದನ್ನು ತನ್ನ ದನಿಯಲ್ಲಿ ಓದುತ್ತದೆ. ಪಠ್ಯವಾದ್ದರಿಂದ ಮೊಬೈಲ್‌ನ ಸೊರಗಿದ ಸಿಗ್ನಲ್‌ನಲ್ಲೂ ನಡೆಯುತ್ತದೆ. ಸುಮಾರು 60 ಕಿಲೋಮೀಟರ್ ಬಸ್ ಹತ್ತಿ ಬರುವ ಬದಲು, ಸ್ಕ್ರೀನ್ ರೀಡರ್ ಬಳಸುವ ಇನ್ನೊಬ್ಬರೇ ಕೂತಲ್ಲಿಂದ ಸರಿಪಡಿಸಬಹುದು. ಇಡೀ ಯಂತ್ರದ ಹಿಡಿತ ಅವರ ಕೈಗೆ ಹೋಗುವುದರಿಂದ ನಂಬಿಕಸ್ಥರಿಗೆ ಮಾತ್ರ ಸಂಕೇತಪದ ಕೊಡಬೇಕು, ಕೆಲಸ ಮುಗಿದೊಡನೆ ಸಂಪರ್ಕ ಕಡಿಯಬೇಕು.

ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಅಮೆರಿಕದ ಲೆಕ್ಕದಲ್ಲಿ ತಿಂಗಳ ಎರಡನೇ ಮಂಗಳವಾರ ಬರುತ್ತದೆ, ನಮ್ಮಲ್ಲಿ ಆಗ ಬಹುಪಾಲು ರಾತ್ರಿ ಅಥವಾ ಬುಧವಾರ ಬೆಳಗು. ಕೊಯ್ಲಿನ ತಿಂಗಳಲ್ಲಿ ಸಂಘದವರು ಪಾಜ್ ಅಪ್‌ಡೇಟ್ಸ್‌ನಲ್ಲಿ ಒಂದು ವಾರ ತಡೆಹಿಡಿಯುತ್ತಾರೆ. 5 ವಾರದವರೆಗೂ ತಡೆಯಬಹುದು. ಆಮೇಲೆ ಒಂದು ಶನಿವಾರ, ಲೆಕ್ಕಿಗರು ಎದುರಿಗಿರುವಾಗ, ಮಾನಿಟರ್ ಕೇಬಲ್ ಬಿಡಿಸಿ, ಹೆಡ್‌ಸೆಟ್ ಸಿಕ್ಕಿಸಿ, ರೀಸ್ಟಾರ್ಟ್ ಮಾಡುತ್ತಾರೆ. ಯಂತ್ರ ಮತ್ತೆ ಶುರುವಾದ ಕೂಡಲೇ ಮೊದಲು ತೆರೆಯುವುದು ಲೆಕ್ಕದ ಹಾಳೆ, ಮೊದಲು ಕೇಳುವುದು ಬಿ 2.